ವೈನರಿಗೆ ಹೊರಟವರ ಪ್ರಶ್ನೆಗಳು

ದ್ರಾಕ್ಷಿ ಕೊಯ್ಲಿನ ತಿಂಗಳು ಹತ್ತಿರ ಬಂದಂತೆ ನನಗೆ ಬರುವ ಪತ್ರಗಳ ವಿಷಯ ಬದಲಾಗುತ್ತದೆ. ಯಾವ ವೈನ್ ಕೊಳ್ಳಲಿ ಎಂದು ಕೇಳುವವರು ಕಡಿಮೆಯಾಗಿ, ವೈನ್ ಮಾಡುವ ಜಾಗವನ್ನೇ ನೋಡಬೇಕು ಎನ್ನುವವರು ಹೆಚ್ಚುತ್ತಾರೆ. ಇದು ನನಗೆ ಬಹಳ ಇಷ್ಟವಾದ ಬದಲಾವಣೆ. ಬಾಟಲಿ ಎಲ್ಲ ಊರಲ್ಲೂ ಸಿಗುತ್ತದೆ. ಬಳ್ಳಿ, ಅದನ್ನು ಸವರುವ ಕೈ, ರಸ ಹುದುಗುವ ವಾಸನೆ ಇವೆಲ್ಲ ಅಲ್ಲಿಗೆ ಹೋದರೆ ಮಾತ್ರ ಸಿಗುವಂಥವು. ಈ ಸಲದ ಪತ್ರಗಳಲ್ಲಿ ಕುಡಿಯದವರ ಪತ್ರಗಳೂ ಇವೆ. ಅವರಿಗೂ ಅಷ್ಟೇ ವಿವರವಾಗಿ ಉತ್ತರಿಸಿದ್ದೇನೆ.

ನಾನು, ನನ್ನ ಹೆಂಡತಿ ಒಂದು ಭಾನುವಾರ ನಂದಿಬೆಟ್ಟದ ಕಡೆ ಹೋಗಿ ವೈನರಿ ನೋಡಿ ಬರೋಣ ಅಂದುಕೊಂಡಿದ್ದೇವೆ. ಇಬ್ಬರಿಗೂ ವೈನ್ ಬಗ್ಗೆ ಏನೂ ಗೊತ್ತಿಲ್ಲ. ಯಾವಾಗ ಹೋದರೆ ಚೆಂದ? ಒಳಗೆ ಏನೇನು ತೋರಿಸುತ್ತಾರೆ? ಗೊತ್ತಿಲ್ಲದವರಿಗೆ ಮುಜುಗರವಾಗುವಂಥ ಜಾಗವೇ?
— ಓದುಗರು, ರಾಜಾಜಿನಗರ, ಬೆಂಗಳೂರು

ಮುಜುಗರ ಬೇಡವೇ ಬೇಡ. ವೈನರಿ ಎಂದರೆ ಮೊದಲು ತೋಟ, ಆಮೇಲೆ ಕಾರ್ಖಾನೆ, ಕೊನೆಗೆ ರುಚಿ ನೋಡುವ ಕೋಣೆ. ಈ ಕ್ರಮ ನಿಮ್ಮ ತಲೆಯಲ್ಲಿದ್ದರೆ ಅರ್ಧ ತಿಳಿದಂತೆಯೇ.

ಜನವರಿ ಕೊನೆಯಿಂದ ಮಾರ್ಚ್ ಮಧ್ಯದೊಳಗೆ ಹೋಗಿ. ಆಗ ಗೊಂಚಲು ಬಳ್ಳಿಯಲ್ಲಿರುತ್ತದೆ, ಕೊಯ್ಲು ನಡೆಯುತ್ತಿರುತ್ತದೆ, ಟ್ಯಾಂಕಿನಲ್ಲಿ ರಸ ಹುದುಗುತ್ತಿರುತ್ತದೆ. ಮಳೆಗಾಲದಲ್ಲಿ ಹೋದರೆ ಎಲೆ ಹಸಿರಾಗಿ ಚೆನ್ನಾಗಿ ಕಾಣುತ್ತದೆ, ಹಣ್ಣು ಇರುವುದಿಲ್ಲ. ಸಾಧ್ಯವಾದರೆ ಭಾನುವಾರ ಬಿಟ್ಟು ವಾರದ ನಡುವೆ ಒಂದು ದಿನ, ಬೆಳಗಿನ ಮೊದಲ ಗುಂಪಿನಲ್ಲಿ ಹೋಗಿ. ಗುಂಪು ಚಿಕ್ಕದಿದ್ದರೆ ಗೈಡ್ ನಿಂತು ಉತ್ತರ ಹೇಳುತ್ತಾರೆ. ಹೊರಡುವ ಮೊದಲು ಫೋನ್ ಮಾಡಿ ಸಮಯ ಗೊತ್ತುಮಾಡಿಕೊಳ್ಳುವುದು ಕಡ್ಡಾಯ ಎಂದೇ ತಿಳಿಯಿರಿ.

ನಂದಿಬೆಟ್ಟದ ತಪ್ಪಲಲ್ಲಿ, ದೊಡ್ಡಬಳ್ಳಾಪುರದ ಬಳಿ ಕನ್ವಲ್ ಗ್ರೋವರ್ 1988ರಲ್ಲಿ ಶುರುಮಾಡಿದ ಸಂಸ್ಥೆ ಇಂದು ಗ್ರೋವರ್ ಝಂಪಾ ಹೆಸರಿನಲ್ಲಿದೆ. ಬೆಂಗಳೂರಿನಿಂದ ಸುಮಾರು 40 ಕಿ.ಮೀ. ಫ್ರಾನ್ಸಿನ ದ್ರಾಕ್ಷಿ ತಳಿಗಳು ನಮ್ಮ ಕೆಂಪು ಮಣ್ಣಿನಲ್ಲಿ ಬದುಕುತ್ತವೆಯೇ ಎಂದು ಜನ ಅನುಮಾನ ಪಡುತ್ತಿದ್ದ ಕಾಲದಲ್ಲಿ ನೆಟ್ಟ ತೋಟ ಅದು. ಫ್ರಾನ್ಸಿನ ಬೋರ್ಡೊ ಪ್ರದೇಶದ ಹೆಸರಾಂತ ವೈನ್ ತಜ್ಞ ಮಿಶೆಲ್ ರೋಲಾನ್ ಅವರ ಸಲಹೆಯೂ ಆ ಸಂಸ್ಥೆಗೆ ಸಿಕ್ಕಿತು. ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿರುವ ನೆಲ, ರಾತ್ರಿಯ ತಂಪು, ಫೆಬ್ರುವರಿಯ ಒಣ ಹವೆ ಇವು ಮೂರೂ ಸೇರಿ ಹಣ್ಣಿನಲ್ಲಿ ಸಿಹಿ ಏರುವಾಗ ಹುಳಿ ಪೂರ್ತಿ ಇಳಿದುಹೋಗದಂತೆ ಕಾಯುತ್ತವೆ. ಮೈಸೂರು ರಸ್ತೆ ನಿಮಗೆ ಅನುಕೂಲವಾದರೆ ಚನ್ನಪಟ್ಟಣದ ಬಳಿ ಸುಲಾ ಎಂಬ ಸಂಸ್ಥೆಯ ವೈನರಿ ಇದೆ.

ತೋಟದಲ್ಲಿ ಒಂದು ಪ್ರಶ್ನೆಯನ್ನು ತಪ್ಪದೆ ಕೇಳಿ: ಈ ಬಳ್ಳಿಯನ್ನು ಯಾವಾಗ ಸವರಿದಿರಿ? ಯುರೋಪಿನಲ್ಲಿ ಚಳಿಗೆ ಬಳ್ಳಿ ಎಲೆ ಉದುರಿಸಿ ಮಲಗುತ್ತದೆ. ವರ್ಷಕ್ಕೊಮ್ಮೆ, ಮಲಗಿದ್ದಾಗ ಸವರುತ್ತಾರೆ. ನಮ್ಮಲ್ಲಿ ಅಂಥ ಚಳಿ ಇಲ್ಲ, ಬಳ್ಳಿ ಮಲಗುವುದೇ ಇಲ್ಲ. ಹಾಗಾಗಿ ಕೊಯ್ಲು ಮುಗಿದ ಮೇಲೆ ಏಪ್ರಿಲ್ ಸುಮಾರಿಗೆ ಒಮ್ಮೆ, ಮಳೆ ಹಿಂದೆ ಸರಿಯುವ ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಇನ್ನೊಮ್ಮೆ ಸವರುತ್ತಾರೆ. ಮೊದಲನೆಯದರಿಂದ ಗಟ್ಟಿ ಕಡ್ಡಿ ಬರುತ್ತದೆ, ಎರಡನೆಯದರಿಂದ ಹೂವು, ಹಣ್ಣು. ಇಡೀ ವರ್ಷದ ಹಣ್ಣನ್ನು ಒಣ ಕಾಲಕ್ಕೆ ತಳ್ಳಿ ಬೂಜು ರೋಗದಿಂದ ಉಳಿಸಿಕೊಳ್ಳುವ ಈ ಲೆಕ್ಕಾಚಾರ ದಕ್ಷಿಣ ಭಾರತದ ದ್ರಾಕ್ಷಿ ಬೆಳೆಗಾರರ ದೊಡ್ಡ ಸಾಧನೆ. ಅದನ್ನು ತಿಳಿಯದೆ ಬಂದರೆ ತೋಟ ನೋಡಿದಂತಾಗುವುದಿಲ್ಲ. ತಿನ್ನುವ ದ್ರಾಕ್ಷಿ ಚಪ್ಪರದ ಮೇಲೆ ಹಬ್ಬಿರುತ್ತದೆ. ವೈನ್ ದ್ರಾಕ್ಷಿ ಸಾಮಾನ್ಯವಾಗಿ ತಂತಿ ಸಾಲಿಗೆ ನೇರ ನಿಂತಿರುತ್ತದೆ, ಕಾಯಿ ಚಿಕ್ಕದು, ಸಿಪ್ಪೆ ದಪ್ಪ, ಬೀಜ ಇರುತ್ತದೆ. ಕೊಟ್ಟರೆ ಒಂದು ಕಾಯಿ ಬಾಯಿಗೆ ಹಾಕಿಕೊಂಡು ಸಿಪ್ಪೆಯನ್ನು ಅಗಿದು ನೋಡಿ. ನಾಲಿಗೆ ಹಿಡಿಯುವ ಆ ಒಗರನ್ನು ಆಮೇಲೆ ಕೆಂಪು ವೈನಿನಲ್ಲಿ ಗುರುತಿಸುತ್ತೀರಿ.

ಒಳಗೆ ಹೋದರೆ ಮೊದಲು ತೊಟ್ಟು ಬೇರ್ಪಡಿಸುವ ಯಂತ್ರ, ರಸ ಹಿಂಡುವ ಪ್ರೆಸ್ಸು. ಹೆಚ್ಚಿನ ಕಪ್ಪು ದ್ರಾಕ್ಷಿಯ ರಸಕ್ಕೂ ಬಣ್ಣವಿಲ್ಲ, ಬಣ್ಣ ಇರುವುದು ಸಿಪ್ಪೆಯಲ್ಲಿ. ಬಿಳಿ ವೈನಿಗೆ ಮೊದಲೇ ಹಿಂಡಿ ರಸವನ್ನಷ್ಟೇ ಹುದುಗಿಸುತ್ತಾರೆ. ಕೆಂಪು ವೈನಿಗೆ ಸಿಪ್ಪೆ, ಬೀಜ ಎಲ್ಲ ಸೇರಿಸಿ ಹುದುಗಿಸಿ ಆಮೇಲೆ ಹಿಂಡುತ್ತಾರೆ. ಯೀಸ್ಟ್ ಸಕ್ಕರೆಯನ್ನು ತಿಂದು ಆಲ್ಕೋಹಾಲ್ ಮತ್ತು ಇಂಗಾಲದ ಡೈಆಕ್ಸೈಡ್ ಮಾಡುವಾಗ ಸಿಪ್ಪೆಯೆಲ್ಲ ಮೇಲಕ್ಕೆ ತೇಲಿ ದಪ್ಪ ಪದರವಾಗುತ್ತದೆ. ಕೆಳಗಿನ ರಸವನ್ನು ಪಂಪಿನಿಂದ ಅದರ ಮೇಲೆ ಸುರಿಯುತ್ತಿರಬೇಕು. ಬಿಳಿ ವೈನಿನ ಟ್ಯಾಂಕನ್ನು 12ರಿಂದ 18 ಡಿಗ್ರಿ ಸೆಲ್ಸಿಯಸ್‌ನಲ್ಲಿ ತಂಪಾಗಿ ಇಡದಿದ್ದರೆ ಹಣ್ಣಿನ ಪರಿಮಳ ಹಾರಿಹೋಗುತ್ತದೆ. ಹೊರಗೆ 33 ಡಿಗ್ರಿ ಇರುವ ನಮ್ಮ ಮಾರ್ಚಿನಲ್ಲಿ ವಿದ್ಯುತ್ ಖರ್ಚಿನ ದೊಡ್ಡ ಪಾಲು ಅಲ್ಲಿಗೇ. ಕೊನೆಗೆ ಪೀಪಾಯಿಗಳ ಕೋಣೆ. ಒಂದು ಓಕ್ ಪೀಪಾಯಿಯಲ್ಲಿ ಹಿಡಿಸುವುದು ಸಾಮಾನ್ಯವಾಗಿ 225 ಲೀಟರ್, ಅಂದರೆ 300 ಬಾಟಲಿ. ಕೆಲವು ವರ್ಷ ಬಳಸಿದರೆ ಮರದ ಸತ್ವ ಮುಗಿಯುತ್ತದೆ, ಮತ್ತೆ ಹೊಸದನ್ನು ಹೊರದೇಶದಿಂದ ತರಿಸಬೇಕು. ಬೆಲೆ ಯಾಕೆ ಹೆಚ್ಚು ಎಂದು ಅಲ್ಲಿ ನಿಂತಾಗ ಅರ್ಥವಾಗುತ್ತದೆ.

ನೆಲ ಒದ್ದೆ ಇರುತ್ತದೆ, ಕಾಲು ಮುಚ್ಚುವ ಶೂ ಹಾಕಿಕೊಳ್ಳಿ. ಸೆಂಟ್ ಹಾಕಿಕೊಂಡು ಹೋಗಬೇಡಿ, ನಿಮಗೂ ಪಕ್ಕದವರಿಗೂ ವೈನಿನ ವಾಸನೆ ತಿಳಿಯುವುದಿಲ್ಲ. ತಿಂಡಿ ತಿಂದೇ ಹೊರಡಿ. ನಮ್ಮ ರಾಜ್ಯದಲ್ಲಿ ರುಚಿ ನೋಡಲು 21 ವರ್ಷ ತುಂಬಿರಬೇಕು, ಗುರುತಿನ ಚೀಟಿ ಜೊತೆಗಿರಲಿ.

ಹೋದ ವರ್ಷ ಗೆಳತಿಯರ ಜೊತೆ ಒಂದು ವೈನರಿಗೆ ಹೋಗಿದ್ದೆ. ಗೈಡ್ ಒಂದೊಂದು ಗ್ಲಾಸಿಗೂ ಸೀಬೆಹಣ್ಣು, ದೊಣ್ಣೆ ಮೆಣಸಿನಕಾಯಿ, ಕರಿಮೆಣಸು ಎಂದು ಹೇಳುತ್ತಾ ಹೋದರು. ಎಲ್ಲರೂ ತಲೆಯಾಡಿಸಿದರು. ನನಗೆ ಯಾವುದೂ ತಿಳಿಯಲಿಲ್ಲ. ಅದೆಲ್ಲ ನಿಜವಾಗಿ ಇರುತ್ತದೆಯೇ, ಸುಮ್ಮನೆ ಹೇಳುವ ಮಾತೇ?
— ಓದುಗರು, ತುಮಕೂರು

ನಿಜವಾಗಿ ಇರುತ್ತದೆ. ನಿಮಗೆ ತಿಳಿಯದಿದ್ದುದೂ ನಿಜ. ಎರಡಕ್ಕೂ ಕಾರಣ ಇದೆ.

ಕ್ಯಾಬರ್ನೆ ಸೋವಿನ್ಯೊನ್, ಸೋವಿನ್ಯೊನ್ ಬ್ಲಾಂಕ್ ದ್ರಾಕ್ಷಿಗಳಲ್ಲಿ ಪೈರಜೀನ್ ಎಂಬ ಗುಂಪಿನ ರಾಸಾಯನಿಕ ಇರುತ್ತದೆ. ದೊಣ್ಣೆ ಮೆಣಸಿನಕಾಯಿಗೆ ಅದರ ವಾಸನೆ ಬರುವುದೂ ಅದೇ ರಾಸಾಯನಿಕದಿಂದ. ಶಿರಾಜ್ ವೈನಿನ ಕರಿಮೆಣಸಿನ ವಾಸನೆಗೆ ಕಾರಣ ರೊಟಂಡೋನ್. ಆಸ್ಟ್ರೇಲಿಯಾದ ವಿಜ್ಞಾನಿಗಳು 2008ರಲ್ಲಿ ಇದನ್ನು ಪ್ರಕಟಿಸಿದರು. ಅದೇ ವಸ್ತು ನಮ್ಮ ಮಲೆನಾಡಿನ ಕಾಳುಮೆಣಸಿನಲ್ಲೂ ಇದೆ. ಆ ಸಂಶೋಧನೆಯಲ್ಲಿ ಕಂಡ ಇನ್ನೊಂದು ಸಂಗತಿ ನಿಮಗೆ ಸಮಾಧಾನ ಕೊಡುತ್ತದೆ: ಐವರಲ್ಲಿ ಒಬ್ಬರಿಗೆ ರೊಟಂಡೋನ್ ವಾಸನೆ ಎಷ್ಟು ಗಾಢವಾಗಿದ್ದರೂ ತಿಳಿಯುವುದೇ ಇಲ್ಲ. ಅದು ಮೂಗಿನ ಹುಟ್ಟುಗುಣ. ತಲೆಯಾಡಿಸಿದವರಲ್ಲೂ ಕೆಲವರಿಗೆ ತಿಳಿದಿರಲಿಕ್ಕಿಲ್ಲ. ಲವಂಗ, ವೆನಿಲ್ಲಾ ವಾಸನೆ ಓಕ್ ಪೀಪಾಯಿಯಿಂದ ಬರುತ್ತದೆ. ಇದರಲ್ಲಿ ಯಾವುದನ್ನೂ ಹೊರಗಿನಿಂದ ಬೆರೆಸಿರುವುದಿಲ್ಲ.

ಉಳಿದದ್ದು ಅಭ್ಯಾಸ. ಅಡುಗೆಮನೆಯಲ್ಲಿ ಒಂದು ವಾರ ಎಲ್ಲವನ್ನೂ ಮೂಸಿ ನೋಡಿ. ಕಣ್ಣು ಮುಚ್ಚಿಕೊಂಡು ಏಲಕ್ಕಿ, ಜಾಯಿಕಾಯಿ, ನಿಂಬೆ ಸಿಪ್ಪೆ, ಹಣ್ಣಾದ ಸೀಬೆ, ನೆಂದ ಮಣ್ಣು ಯಾವುದು ಎಂದು ಹೇಳಲು ಪ್ರಯತ್ನಿಸಿ. ಮೂಗಿಗೆ ಪರಿಚಯವಿದ್ದರೂ ಹೆಸರು ನಾಲಿಗೆಗೆ ಬರುವುದಿಲ್ಲ ಎಂಬುದು ನಿಮಗೇ ತಿಳಿಯುತ್ತದೆ. ಹೆಸರು ಹಚ್ಚುವುದನ್ನು ಕಲಿಯಬೇಕು. ಅಜ್ಜಿಯ ಮನೆಯ ಹಲಸಿನಹಣ್ಣು ನೆನಪಾದರೆ ಹಾಗೆಯೇ ಹೇಳಿ. ಗೈಡ್‌ಗೆ ಸ್ಟ್ರಾಬೆರಿ ಕಂಡಿರಬಹುದು, ನಿಮಗೆ ನೇರಳೆ ಕಾಣಬಹುದು. ನೇರಳೆ ತಿಂದು ಬೆಳೆದ ಮೂಗಿಗೆ ನೇರಳೆಯೇ ಸರಿ.

ರುಚಿ ನೋಡುವ ಕ್ರಮ ಸರಳ. ಗ್ಲಾಸನ್ನು ಕೆಳಗಿನ ಕಡ್ಡಿಯಲ್ಲಿ ಹಿಡಿಯಿರಿ, ಅಂಗೈ ಬಿಸಿ ತಾಗಬಾರದು. ಮೊದಲು ಅಲ್ಲಾಡಿಸದೆ ಮೂಸಿ, ಆಮೇಲೆ ಮೆಲ್ಲಗೆ ಸುತ್ತಿಸಿ ಇನ್ನೊಮ್ಮೆ ಮೂಸಿ. ಎರಡರ ವ್ಯತ್ಯಾಸವೇ ಪಾಠ. ಸಣ್ಣ ಗುಟುಕು ತೆಗೆದುಕೊಂಡು ಬಾಯೆಲ್ಲ ಆಡಿಸಿ. ಹುಳಿ ಇದ್ದರೆ ನಾಲಿಗೆಯ ಪಕ್ಕದಲ್ಲಿ ನೀರೂರುತ್ತದೆ, ಒಗರು ಇದ್ದರೆ ಒಸಡು ಒಣಗುತ್ತದೆ, ಆಲ್ಕೋಹಾಲ್ ಹೆಚ್ಚಿದ್ದರೆ ಗಂಟಲು ಬಿಸಿಯಾಗುತ್ತದೆ. ಈ ಮೂರನ್ನು ಬೇರೆಬೇರೆಯಾಗಿ ಗುರುತಿಸಿದರೆ ಮೊದಲ ಭೇಟಿಗೆ ಸಾಕು.

ಮೈಸೂರಿನಿಂದ ನಮ್ಮದೇ ಕಾರಿನಲ್ಲಿ ಹೋಗುತ್ತೇವೆ. ಓಡಿಸುವವರು ನಮ್ಮ ಯಜಮಾನರು. ಟೇಸ್ಟಿಂಗ್ ಅಂದರೆ ಐದು ಚಮಚದಷ್ಟು ತಾನೆ, ಅಷ್ಟಕ್ಕೆ ಏನೂ ಆಗುವುದಿಲ್ಲ ಅನ್ನುತ್ತಾರೆ. ಹೌದೇ?
— ಓದುಗರು, ಕುವೆಂಪುನಗರ, ಮೈಸೂರು

ಇಲ್ಲ. ಲೆಕ್ಕ ಹಾಕಿ ತೋರಿಸುತ್ತೇನೆ, ಅವರಿಗೂ ಓದಲು ಕೊಡಿ.

ಒಂದು ಗ್ಲಾಸಿಗೆ 30 ಮಿ.ಲೀ. ಸುರಿದರು, ಐದು ಬಗೆ ಎಂದುಕೊಳ್ಳಿ. ಒಟ್ಟು 150 ಮಿ.ಲೀ. ಶೇ 13 ಆಲ್ಕೋಹಾಲ್ ಇದ್ದರೆ ಅದರಲ್ಲಿ ಸುಮಾರು 15 ಗ್ರಾಂ ಶುದ್ಧ ಆಲ್ಕೋಹಾಲ್. 70 ಕಿಲೋ ತೂಕದ ಗಂಡಸು ಅದನ್ನು ಬೇಗ ಕುಡಿದರೆ ರಕ್ತದಲ್ಲಿ 100 ಮಿ.ಲೀ.ಗೆ ಸುಮಾರು 30 ಮಿಲಿಗ್ರಾಂ ಮಟ್ಟ ಮುಟ್ಟಬಹುದು. ಮೋಟಾರು ವಾಹನ ಕಾಯ್ದೆಯ 185ನೇ ಸೆಕ್ಷನ್ ಹೇಳುವ ಗಡಿಯೂ ಅದೇ 30. ತೂಕ ಕಡಿಮೆ ಇದ್ದರೆ, ಖಾಲಿ ಹೊಟ್ಟೆಯಾದರೆ, ಹೆಂಗಸಾದರೆ ಅಷ್ಟೇ ವೈನಿಗೆ ಮಟ್ಟ ಇನ್ನೂ ಮೇಲೇರುತ್ತದೆ. ಮೊದಲ ಸಲ ಸಿಕ್ಕಿಬಿದ್ದರೆ 10,000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ದಂಡದ ಮಾತು ಹಾಗಿರಲಿ, ಮಧ್ಯಾಹ್ನದ ಬಿಸಿಲಲ್ಲಿ ಹೆದ್ದಾರಿಗೆ ಇಳಿಯುವಾಗ ಆ ತೂಕಡಿಕೆಯೇ ಸಾಕು.

ದಾರಿ ಎರಡು. ಒಂದು, ಬೇರೆ ಚಾಲಕರನ್ನು ಗೊತ್ತುಮಾಡಿಕೊಳ್ಳಿ. ಎರಡು, ಓಡಿಸುವವರು ಮೂಸಿ ನೋಡಲಿ, ಕುಡಿಯದಿರಲಿ. ಮೇಜಿನ ಮೇಲೆ ಉಗುಳಲೆಂದೇ ಪಾತ್ರೆ ಇಟ್ಟಿರುತ್ತಾರೆ. ವೈನ್ ಕೆಲಸದಲ್ಲಿರುವವರು ಬೆಳಗಿನಿಂದ ಹತ್ತಾರು ಬಗೆ ನೋಡಿದರೂ ಎಲ್ಲವನ್ನೂ ಅದರಲ್ಲೇ ಉಗುಳುತ್ತಾರೆ. ಅದು ಅಲ್ಲಿನ ಮರ್ಯಾದೆಯ ನಡವಳಿಕೆ, ನಾಚಿಕೆ ಪಡಬೇಕಾದ್ದಲ್ಲ. ಆದರೂ ಬಾಯಿಯ ಒಳಚರ್ಮದಿಂದ ಸ್ವಲ್ಪ ಸೇರುತ್ತದೆ, ಉಗುಳುವಾಗ ಸ್ವಲ್ಪ ಒಳಗೆ ಇಳಿಯುತ್ತದೆ. ಹಾಗಾಗಿ ನನ್ನ ಸಲಹೆ ಮೊದಲನೆಯದೇ.

ನಾವು ಸಸ್ಯಾಹಾರಿಗಳು. ವೈನಿಗೆ ಮೊಟ್ಟೆ ಹಾಕುತ್ತಾರೆ ಎಂದು ಯಾರೋ ಹೇಳಿದರು. ದ್ರಾಕ್ಷಿ ರಸಕ್ಕೆ ಮೊಟ್ಟೆ ಯಾಕೆ?
— ಓದುಗರು, ಶಿರಸಿ

ಕೇಳಲೇಬೇಕಾದ ಪ್ರಶ್ನೆ. ಹೊಸ ವೈನಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳು ತೇಲುತ್ತಿರುತ್ತವೆ. ಅವನ್ನು ಹಿಡಿದು ತಳಕ್ಕೆ ಇಳಿಸಲು ಏನಾದರೂ ಬೇಕು. ಮೊಟ್ಟೆಯ ಬಿಳಿ ಭಾಗ ಬೋರ್ಡೊದಲ್ಲಿ ಹಳೆಯ ಕಾಲದಿಂದ ಬಳಕೆಯಲ್ಲಿದೆ, ಕೆಂಪು ವೈನಿನ ಗಡಸು ಒಗರನ್ನು ಅದು ಮೆತ್ತಗೆ ಮಾಡುತ್ತದೆ. ಹಾಲಿನ ಕೇಸಿನ್, ಜೆಲಾಟಿನ್, ಮೀನಿನ ಗಾಳಿಚೀಲದಿಂದ ತೆಗೆದ ಐಸಿಂಗ್ಲಾಸ್ ಸಹ ಬಳಸುವುದುಂಟು. ಕೆಲಸ ಮುಗಿದ ಮೇಲೆ ಎಲ್ಲ ಕೆಳಗೆ ಕೂತು ಸೋಸಿಹೋಗುತ್ತದೆ. ಆದರೆ ಬಳಸಿದ್ದು ಬಳಸಿದ್ದೇ. ವ್ರತ, ನಂಬಿಕೆ ಇರುವವರಿಗೆ ಸೋಸಿದೆ ಎಂಬ ಮಾತು ಉತ್ತರವಾಗುವುದಿಲ್ಲ.

ಇದಕ್ಕೆ ಬದಲಿಯಾಗಿ ಬೆಂಟೊನೈಟ್ ಎಂಬ ಜೇಡಿಮಣ್ಣು ಇದೆ. ಬಿಳಿ ವೈನಿಗೆ ಅದರ ಬಳಕೆ ಬಹಳ ಸಾಮಾನ್ಯ. ಏನನ್ನೂ ಹಾಕದೆ ಕಾದು ತಿಳಿಯಾಗಿಸುವವರೂ ಇದ್ದಾರೆ. ಟೂರ್ ನಡೆಯುವಾಗ ಟ್ಯಾಂಕಿನ ಮುಂದೆಯೇ ಕೇಳಿ: ಇದನ್ನು ಯಾವುದರಿಂದ ತಿಳಿಗೊಳಿಸಿದಿರಿ? ಗೈಡ್‌ಗೆ ಗೊತ್ತಿಲ್ಲದಿದ್ದರೆ ವೈನ್ ಮಾಡುವವರನ್ನು ಕೇಳಿ ಹೇಳಲಿ. ಒಳ್ಳೆಯ ವೈನರಿ ಈ ಪ್ರಶ್ನೆಗೆ ಬೇಸರಪಡುವುದಿಲ್ಲ. ವೀಗನ್ ಎಂದು ಲೇಬಲ್ಲಿನಲ್ಲೇ ಬರೆದಿದ್ದರೆ ಇನ್ನೂ ಸುಲಭ.

ದಿನಾ ಒಂದು ಗ್ಲಾಸ್ ರೆಡ್ ವೈನ್ ಹೃದಯಕ್ಕೆ ಒಳ್ಳೆಯದಂತೆ. ನನಗೆ 58. ವೈನರಿಗೆ ಹೋದಾಗ ಒಂದು ಕೇಸ್ ತಂದಿಟ್ಟುಕೊಳ್ಳಲೇ?
— ಓದುಗರು, ಶಿವಮೊಗ್ಗ

ಔಷಧಿಯೆಂದು ತರಬೇಡಿ. ವೈನಿನ ಬಗ್ಗೆ ಇಷ್ಟು ಪ್ರೀತಿಯಿಂದ ಬರೆಯುವ ನಾನು ಇದನ್ನು ಸ್ಪಷ್ಟವಾಗಿ ಹೇಳಬೇಕು. ಆರೋಗ್ಯಕ್ಕೆ ಅಪಾಯವಿಲ್ಲದ ಆಲ್ಕೋಹಾಲ್ ಪ್ರಮಾಣ ಎಂಬುದೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. ಕ್ಯಾನ್ಸರ್ ತರುವುದು ಖಚಿತವಾದ ವಸ್ತುಗಳ ಮೊದಲ ಗುಂಪಿನಲ್ಲಿ ಆ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಮದ್ಯಪಾನವನ್ನು 1988ರಲ್ಲೇ ಸೇರಿಸಿದೆ. ದ್ರಾಕ್ಷಿ ಸಿಪ್ಪೆಯ ರೆಸ್ವೆರಾಟ್ರಾಲ್ ಬಗ್ಗೆ ಕೇಳಿರುತ್ತೀರಿ. ಪ್ರಯೋಗಗಳಲ್ಲಿ ಕೊಟ್ಟಷ್ಟು ಪ್ರಮಾಣ ಒಂದು ಗ್ಲಾಸಿನಲ್ಲಿ ಇರುವುದೇ ಇಲ್ಲ. ಬಿ.ಪಿ., ಸಕ್ಕರೆ ಕಾಯಿಲೆ, ರಕ್ತ ತೆಳುಮಾಡುವ ಮಾತ್ರೆ ಏನಾದರೂ ಇದ್ದರೆ ರುಚಿ ನೋಡುವ ಮೊದಲೂ ನಿಮ್ಮ ಡಾಕ್ಟರನ್ನು ಕೇಳಿ. ಬಸುರಿಯರಿಗಂತೂ ಒಂದು ಗುಟುಕೂ ಬೇಡ.

ಮಗಳು ಕ್ಯಾಲಿಫೋರ್ನಿಯಾದಲ್ಲಿದ್ದಾಳೆ. ಫೆಬ್ರುವರಿಯಲ್ಲಿ ನಾವಿಬ್ಬರೂ ಹೋಗುತ್ತಿದ್ದೇವೆ. ನಾಪಾದ ವೈನರಿಗಳಿಗೆ ಕರೆದುಕೊಂಡು ಹೋಗುತ್ತೇನೆ ಎನ್ನುತ್ತಾಳೆ. ನಾವು ಜೀವಮಾನದಲ್ಲಿ ಮುಟ್ಟಿದವರಲ್ಲ. ಬೇಡ ಅಂದರೆ ಅವಳಿಗೆ ಬೇಜಾರು, ಹೋದರೆ ನಮಗೆ ಅಲ್ಲೇನು ಕೆಲಸ?
— ನಿವೃತ್ತ ಶಿಕ್ಷಕರು, ಧಾರವಾಡ

ದಯವಿಟ್ಟು ಹೋಗಿ. ಫೆಬ್ರುವರಿ ನಿಮಗೆ ಒಳ್ಳೆಯ ತಿಂಗಳು. ಅಲ್ಲಿ ಕೊಯ್ಲು ಆಗಸ್ಟಿನಿಂದ ಅಕ್ಟೋಬರಿನವರೆಗೆ. ಫೆಬ್ರುವರಿಯಲ್ಲಿ ಬಳ್ಳಿ ಬರೀ ಕಡ್ಡಿಯಾಗಿ ಮಲಗಿರುತ್ತದೆ, ಸವರುವ ಕೆಲಸ ನಡೆಯುತ್ತಿರುತ್ತದೆ. ಸಾಲುಗಳ ನಡುವೆ ನೆಲ ಕಾಣದಷ್ಟು ಸಾಸಿವೆ ಹೂ ಬಿಟ್ಟಿರುತ್ತದೆ. ಮಳೆಗೆ ಮಣ್ಣು ಕೊಚ್ಚಿಹೋಗದಂತೆ ತಡೆಯುವುದು ಅದರ ಒಂದು ಕೆಲಸ, ಆಮೇಲೆ ಅದನ್ನು ಉತ್ತು ಮಣ್ಣಿಗೇ ಸೇರಿಸುತ್ತಾರೆ. ಧಾರವಾಡದ ಕರಿ ಮಣ್ಣು ಕಂಡ ನಿಮಗೆ ಅಲ್ಲಿನ ಮಣ್ಣಿನ ಮಾತೇ ದಿನಪೂರ್ತಿಯ ವಿಷಯವಾಗುತ್ತದೆ.

ನಾಪಾ ಕಣಿವೆ ಸ್ಯಾನ್ ಫ್ರಾನ್ಸಿಸ್ಕೊದಿಂದ ಉತ್ತರಕ್ಕೆ ಸುಮಾರು 80 ಕಿ.ಮೀ. ರಾಬರ್ಟ್ ಮಾಂಡವಿ 1966ರಲ್ಲಿ ಓಕ್‌ವಿಲ್‌ನಲ್ಲಿ ವೈನರಿ ಕಟ್ಟಿ, ಬಂದವರಿಗೆ ತೋರಿಸಿ ವಿವರಿಸುವುದನ್ನೇ ಒಂದು ಪದ್ಧತಿಯಾಗಿ ಬೆಳೆಸಿದರು. 1976ರಲ್ಲಿ ಪ್ಯಾರಿಸ್ಸಿನಲ್ಲಿ ಫ್ರೆಂಚ್ ತೀರ್ಪುಗಾರರು ಲೇಬಲ್ ಕಾಣದೆ ರುಚಿ ನೋಡಿದಾಗ ಬಿಳಿಯಲ್ಲೂ ಕೆಂಪಿನಲ್ಲೂ ನಾಪಾದ ವೈನುಗಳೇ ಮೇಲೆ ಬಂದವು. ಬಿಳಿಯಲ್ಲಿ ಗೆದ್ದ ಶಾಟೊ ಮಾಂಟೆಲೀನಾದ ಕಲ್ಲಿನ ಕಟ್ಟಡ ಕ್ಯಾಲಿಸ್ಟೋಗಾದಲ್ಲಿ ಇಂದಿಗೂ ನೋಡಸಿಗುತ್ತದೆ. ಇತಿಹಾಸ ಪಾಠ ಮಾಡಿದವರಿಗೆ ಇಷ್ಟವಾಗುವ ಜಾಗ.

ಬಹುಪಾಲು ವೈನರಿಗಳಿಗೆ ಮುಂಚಿತವಾಗಿ ಸಮಯ ಕಾದಿರಿಸಬೇಕು. 1990ರಿಂದ ಅಲ್ಲಿನ ಕೌಂಟಿಯ ನಿಯಮವೇ ಹೊಸ ವೈನರಿಗಳಿಗೆ ಹಾಗಿದೆ. ಕಾದಿರಿಸುವಾಗ ಮಗಳು ಒಂದು ಮಾತು ಹೇಳಲಿ: ಇಬ್ಬರು ಹಿರಿಯರು ಕುಡಿಯುವುದಿಲ್ಲ, ನೋಡಲು ಬರುತ್ತಾರೆ. ಟೇಸ್ಟಿಂಗ್ ಶುಲ್ಕ ಅಲ್ಲಿ ದುಬಾರಿ. ಕುಡಿಯದವರಿಗೆ ಶುಲ್ಕ ಹೇಗೆ ಎಂದು ಆಗಲೇ ಕೇಳಿಬಿಡುವುದು ಒಳ್ಳೆಯದು. ನಾಪಾ ಊರಿನಿಂದ ಸೇಂಟ್ ಹೆಲೆನಾವರೆಗೆ ಹಳೆಯ ಬೋಗಿಗಳ ವೈನ್ ಟ್ರೈನ್ ಇದೆ. ಕಿಟಕಿಯಲ್ಲಿ ಕೂತೇ ಕಣಿವೆ ನೋಡಬಹುದು, ಮಗಳಿಗೂ ಕಾರು ಓಡಿಸುವ ಕಷ್ಟ ಇಲ್ಲ. ಗ್ಲಾಸನ್ನು ಮೂಸಿ ನೋಡಿ ಮಗಳಿಗೇ ಕೊಟ್ಟುಬಿಡಿ, ಯಾರೂ ಏನೂ ಅಂದುಕೊಳ್ಳುವುದಿಲ್ಲ.

ಕಾಲಿನಿಂದ ದ್ರಾಕ್ಷಿ ತುಳಿಯುವ ಕಾರ್ಯಕ್ರಮದ ಫೋಟೊ ನೋಡಿದೆ. ಅದೇ ರಸವನ್ನು ಬಾಟಲಿಗೆ ತುಂಬುತ್ತಾರೆಯೇ?
— ವಿದ್ಯಾರ್ಥಿನಿ, ಹಾಸನ

ನಮ್ಮಲ್ಲಿ ಕೊಯ್ಲಿನ ಕಾಲದಲ್ಲಿ ನಡೆಯುವ ತುಳಿಯುವ ಕಾರ್ಯಕ್ರಮ ಬಂದವರ ಖುಷಿಗಾಗಿ. ಮಾರಾಟದ ವೈನಿಗೆ ಆ ರಸ ಹೋಗುವುದಿಲ್ಲ. ಪೋರ್ಚುಗಲ್ಲಿನ ದೋರು ಕಣಿವೆಯಲ್ಲಿ ಮಾತ್ರ ಒಳ್ಳೆಯ ಪೋರ್ಟ್ ವೈನಿಗೆ ಕಲ್ಲಿನ ತೊಟ್ಟಿಯಲ್ಲಿ ಕಾಲಿನಿಂದ ತುಳಿಯುವ ಪದ್ಧತಿ ಇಂದಿಗೂ ಉಳಿದಿದೆ. ಕಾಲಿನ ಒತ್ತಡಕ್ಕೆ ಬೀಜ ಒಡೆಯುವುದಿಲ್ಲ, ಕಹಿ ಬಿಡುವುದಿಲ್ಲ ಎಂಬುದು ಕಾರಣ.

ಚಿಕ್ಕಬಳ್ಳಾಪುರದ ಸುತ್ತ ಎಲ್ಲೆಲ್ಲೂ ನಮ್ಮ ಬೆಂಗಳೂರು ನೀಲಿ ದ್ರಾಕ್ಷಿ. ಪಕ್ಕದಲ್ಲೇ ವೈನರಿ. ಆದರೂ ಅಲ್ಲಿನ ಪಟ್ಟಿಯಲ್ಲಿ ಎಲ್ಲ ಫ್ರೆಂಚ್ ಹೆಸರು. ನಮ್ಮ ಹಣ್ಣು ಯಾಕೆ ಬೇಡ?
— ಓದುಗರು, ಶಿಡ್ಲಘಟ್ಟ

ನಿಮ್ಮ ನೋವು ನನಗೂ ಇದೆ. ಬೆಂಗಳೂರು ಬ್ಲೂಗೆ 2013ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಬೆಂಗಳೂರು ಗ್ರಾಮಾಂತರ, ಚಿಕ್ಕಬಳ್ಳಾಪುರ, ಕೋಲಾರದ ಸುತ್ತ ತಲೆಮಾರುಗಳಿಂದ ಬೆಳೆದ ತಳಿ ಅದು. ಅದರ ಮೂಲದಲ್ಲಿ ಅಮೆರಿಕದ ಲಬ್ರುಸ್ಕಾ ದ್ರಾಕ್ಷಿಯ ರಕ್ತ ಇದೆ. ಮೂಗಿಗೆ ಹೊಡೆಯುವ ಆ ಗಾಢ ಪರಿಮಳ ಮೀಥೈಲ್ ಆಂಥ್ರನಿಲೇಟ್‌ನದು. ಜ್ಯೂಸಿಗೆ, ಜಾಮಿಗೆ ಅದು ಅಮೃತ. ಆದರೆ ಸಿಹಿಯಿಲ್ಲದ ಒಣ ವೈನಿನಲ್ಲಿ ಅದೊಂದೇ ವಾಸನೆ ಎದ್ದು ನಿಂತು ಬೇರೆಲ್ಲವನ್ನೂ ಮುಚ್ಚುತ್ತದೆ, ಹುಳಿಯೂ ಹೆಚ್ಚು. ಹಾಗಾಗಿ ಸಿಹಿ ವೈನಿಗೆ, ಪೋರ್ಟ್ ಮಾದರಿಯ ಗಡಸು ವೈನಿಗೆ ಅದನ್ನು ಬಳಸುತ್ತಾರೆ. ತಣ್ಣಗೆ ಮಾಡಿ, ಸ್ವಲ್ಪ ಸಿಹಿ ಉಳಿಸಿ, ಗುಳ್ಳೆ ಬರುವಂತೆ ಮಾಡಿದರೆ ಅದಕ್ಕೆ ತನ್ನದೇ ಜಾಗ ಸಿಗಬಹುದು ಎಂಬುದು ನನ್ನ ಗಟ್ಟಿ ನಂಬಿಕೆ. ವೈನರಿಗೆ ಹೋದಾಗಲೆಲ್ಲ ಇದನ್ನು ಕೇಳಿ. ಬಂದವರು ಕೇಳದಿದ್ದರೆ ಯಾರೂ ಮಾಡುವುದಿಲ್ಲ.

ಬೆಳಗಾವಿಯಿಂದ ನಾಸಿಕ್‌ಗೆ ಹೋಗುತ್ತಿದ್ದೇವೆ. ಅಲ್ಲಿ ಕೊಂಡ ಬಾಟಲಿ ತರಬಹುದೇ? ಮನೆಯಲ್ಲಿ ಹೇಗೆ ಇಡಬೇಕು?
— ಓದುಗರು, ಟಿಳಕವಾಡಿ, ಬೆಳಗಾವಿ

ಮದ್ಯ ಸಂವಿಧಾನದ ಪ್ರಕಾರ ರಾಜ್ಯಗಳ ಪಟ್ಟಿಗೆ ಸೇರಿದ ವಿಷಯ. ಒಂದೊಂದು ರಾಜ್ಯಕ್ಕೆ ಒಂದೊಂದು ತೆರಿಗೆ, ಒಂದೊಂದು ನಿಯಮ. ಮಹಾರಾಷ್ಟ್ರದಲ್ಲಿ ತೆರಿಗೆ ಕಟ್ಟಿದ ಬಾಟಲಿ ನಿಪ್ಪಾಣಿ ಬಳಿ ಗಡಿ ದಾಟಿದರೆ ಇಲ್ಲಿನ ಅಬಕಾರಿ ಇಲಾಖೆಯ ಕಣ್ಣಿಗೆ ತೆರಿಗೆ ಕಟ್ಟದ ಮಾಲು. ಹೊರಡುವ ಮೊದಲೇ ಅಬಕಾರಿ ಕಚೇರಿಯಲ್ಲಿ ವಿಚಾರಿಸಿ, ಇಲ್ಲದಿದ್ದರೆ ಅಲ್ಲೇ ಊಟದ ಜೊತೆ ಮುಗಿಸಿ ಬನ್ನಿ. ಅದೇ ವೈನ್ ಬೆಳಗಾವಿಯ ಅಂಗಡಿಯಲ್ಲಿ ಸಿಗುವುದಾದರೆ ಹೊತ್ತು ತರುವ ಅಗತ್ಯವೇ ಇಲ್ಲ. ವಿಮಾನದಲ್ಲಿ ಬರುವವರು ಬಾಟಲಿಯನ್ನು ಕೈಚೀಲದಲ್ಲಿ ಇಡುವಂತಿಲ್ಲ, ಬಟ್ಟೆಯಲ್ಲಿ ಸುತ್ತಿ ಚೆಕ್‌-ಇನ್ ಮಾಡುವ ಪೆಟ್ಟಿಗೆಗೆ ಹಾಕಬೇಕು.

ಮನೆಯಲ್ಲಿ ಬಿಸಿಲು ಬೀಳದ, ಒಲೆಯಿಂದ ದೂರದ ತಂಪು ಮೂಲೆ ಬೇಕು. ಫ್ರಿಜ್ಜಿನ ಮೇಲೆ ಇಡುವುದು ಎಲ್ಲಕ್ಕಿಂತ ಕೆಟ್ಟದ್ದು. ಬೆಂಡಿನ ಬಿರಡೆ ಇದ್ದರೆ ಮಲಗಿಸಿ, ತಿರುಪಿನ ಮುಚ್ಚಳವಾದರೆ ನಿಲ್ಲಿಸಿದರೂ ಸರಿ. ಹಳೆಯದಾದಷ್ಟೂ ಒಳ್ಳೆಯದು ಎಂಬುದು ನಮ್ಮ ಹೆಚ್ಚಿನ ವೈನುಗಳಿಗೆ ಸಲ್ಲುವುದಿಲ್ಲ. ಬಿಳಿಯದನ್ನು ಎರಡು ವರ್ಷದೊಳಗೆ ಮುಗಿಸಿ. ತೆರೆದ ಬಾಟಲಿಯನ್ನು ಮುಚ್ಚಿ ಫ್ರಿಜ್ಜಿನಲ್ಲಿಟ್ಟರೆ ಮೂರು, ನಾಲ್ಕು ದಿನ ಇರುತ್ತದೆ. ನಿಮ್ಮ ಕಡೆಯ ಖಾರದ ಊಟಕ್ಕೆ ಒಗರಿನ ಕೆಂಪು ವೈನ್ ಹೊಂದುವುದಿಲ್ಲ, ಖಾರ ಇನ್ನೂ ಉರಿಯುತ್ತದೆ. ಸ್ವಲ್ಪ ಸಿಹಿಯಿರುವ ತಂಪು ಶೆನಿನ್ ಬ್ಲಾಂಕ್ ತೆಗೆದುಕೊಳ್ಳಿ.

ನಮ್ಮದು ನಾಲ್ಕು ಎಕರೆ ದ್ರಾಕ್ಷಿ ಪಡ ಅದರಿ, ಎಲ್ಲಾ ಥಾಮ್ಸನ್. ನಾಸಿಕ್ ಕಡೆ ಹೋಗಿ ನೋಡಿ ಬಂದೆ. ಜನ ರೊಕ್ಕ ಕೊಟ್ಟು ಪಡ ನೋಡಾಕ ಬರತಾರ, ವೈನ್ ಕುಡದು ಹೋಗತಾರ. ನಾನೂ ಎರಡು ಎಕರೆ ಕಿತ್ತು ವೈನ್ ದ್ರಾಕ್ಷಿ ಹಚ್ಚಲೇನ್ರಿ?
— ರೈತರು, ವಿಜಯಪುರ ಜಿಲ್ಲೆ

ಕೀಳಬೇಡಿ. ಕೊಳ್ಳುವವರು ಯಾರು ಎಂದು ಕಾಗದದ ಮೇಲೆ ಗೊತ್ತಾಗುವವರೆಗೆ ಒಂದು ಬಳ್ಳಿಯನ್ನೂ ಕೀಳಬೇಡಿ.

ಥಾಮ್ಸನ್ ಸೀಡ್‌ಲೆಸ್‌ನಿಂದ ವೈನ್ ಆಗುವುದೇ ಇಲ್ಲ ಎಂದಲ್ಲ. ತೆಳು ಸಿಪ್ಪೆ, ಮಂದ ಪರಿಮಳದಿಂದಾಗಿ ಅದರ ವೈನಿಗೆ ಹೆಸರು ಬರುವುದಿಲ್ಲ. ವೈನ್ ದ್ರಾಕ್ಷಿಯಲ್ಲಿ ಗುಣಕ್ಕಾಗಿ ಇಳುವರಿಯನ್ನೇ ಕಡಿಮೆ ಹಿಡಿಯುತ್ತಾರೆ. ಎಕರೆಗೆ ಹತ್ತು ಟನ್ ಮೇಲೆ ತೆಗೆದು ರೂಢಿ ಇರುವ ನಿಮಗೆ ಅದರ ಅರ್ಧ ಬಂದರೆ ಮನಸ್ಸು ಒಪ್ಪುವುದು ಕಷ್ಟ. ಅದಕ್ಕಿಂತ ದೊಡ್ಡ ತೊಡಕು ಮಾರುಕಟ್ಟೆಯದು. ತಿನ್ನುವ ದ್ರಾಕ್ಷಿಗೆ ದರ ಬೀಳಲಿ, ಮಣೂಕ (ಒಣದ್ರಾಕ್ಷಿ) ಮಾಡಿ ಇಟ್ಟುಕೊಳ್ಳಬಹುದು. ಬೀಜದ ಕ್ಯಾಬರ್ನೆಯನ್ನು ಸಂತೆಯಲ್ಲಿ ಯಾರೂ ಕೊಳ್ಳುವುದಿಲ್ಲ. ಮಹಾರಾಷ್ಟ್ರದಲ್ಲಿ 2009, 2010ರ ಸುಮಾರಿಗೆ ಕೊಳ್ಳುವವರು ಹಿಂದೆ ಸರಿದಾಗ ವೈನ್ ದ್ರಾಕ್ಷಿ ನೆಟ್ಟವರು ಬಳ್ಳಿ ಕಿತ್ತು ಹಾಕಬೇಕಾಯಿತು. ಹಾಗಾಗಿ ದರ, ಬ್ರಿಕ್ಸ್ (ಹಣ್ಣಿನ ಸಿಹಿಯ ಅಳತೆ), ಕೊಯ್ಲಿನ ದಿನ ಯಾರು ಗೊತ್ತುಮಾಡುತ್ತಾರೆ, ಹಣ ಯಾವಾಗ ಎಂಬುದೆಲ್ಲ ಹಲವು ವರ್ಷದ ಬರಹದ ಒಪ್ಪಂದದಲ್ಲಿ ಇರಬೇಕು. ಸ್ವಂತ ವೈನರಿಗೆ ಅಬಕಾರಿ ಲೈಸೆನ್ಸ್ ಬೇಕು. ಟ್ಯಾಂಕು, ತಂಪು ಯಂತ್ರ, ಪ್ರೆಸ್ಸಿಗೆ ಹಾಕುವ ಬಂಡವಾಳ ಎರಡು ಎಕರೆಯಿಂದ ಹುಟ್ಟುವುದಿಲ್ಲ. 2007ರ ರಾಜ್ಯದ ವೈನ್ ನೀತಿಯ ಕೆಳಗೆ ಏನು ನೆರವು ಸಿಗುತ್ತದೆ ಎಂದು ಕರ್ನಾಟಕ ವೈನ್ ಬೋರ್ಡಿನಲ್ಲಿ ಕೇಳಿ. ತಳಿ, ಬೇರುಸಸಿ ಬಗ್ಗೆ ಪುಣೆ ಬಳಿಯ ಮಾಂಜರಿಯ ರಾಷ್ಟ್ರೀಯ ದ್ರಾಕ್ಷಿ ಸಂಶೋಧನಾ ಕೇಂದ್ರಕ್ಕೆ ಒಮ್ಮೆ ಹೋಗಿ ಬನ್ನಿ, ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯ ನಿಮಗೆ ಇನ್ನೂ ಹತ್ತಿರ.

ಇನ್ನು ಜನ ಪಡ ನೋಡಲು ಬರುತ್ತಾರೆ ಎಂಬ ನಿಮ್ಮ ಮಾತು. ಅದಕ್ಕೆ ವೈನೇ ಬೇಕೆಂದೇನಿಲ್ಲ. ಫೆಬ್ರುವರಿಯಲ್ಲಿ ಗೋಳಗುಮ್ಮಟ ನೋಡಲು ಬಂದವರಿಗೆ ನಿಮ್ಮ ಚಪ್ಪರದ ಕೆಳಗೆ ಗೊಂಚಲು ಕತ್ತರಿಸಲು ಕೊಡಿ. ಏಪ್ರಿಲ್ ಚಾಟ್ನಿ (ಬಳ್ಳಿ ಸವರುವುದು), ಅಕ್ಟೋಬರ್ ಚಾಟ್ನಿ ಯಾಕೆ ಎಂದು ನೀ‌ವೇ ನಿಂತು ಹೇಳಿ. ಹಣ್ಣನ್ನು ದ್ರಾವಣದಲ್ಲಿ ಅದ್ದಿ ಶೆಡ್ಡಿನ ಬಲೆಯ ಮೇಲೆ ನೆರಳಲ್ಲಿ ಹರಡುವುದು, ಎರಡು ವಾರದಲ್ಲಿ ನಾಲ್ಕು ಕಿಲೋ ದ್ರಾಕ್ಷಿ ಒಂದು ಕಿಲೋ ಮಣೂಕವಾಗುವುದು ಬೆಂಗಳೂರಿನವರಿಗೆ ಎಂದೂ ಕಾಣದ ಸಂಗತಿ. ಬೇರೆಬೇರೆ ದರ್ಜೆಯ ಮಣೂಕವನ್ನು ತಟ್ಟೆಯಲ್ಲಿಟ್ಟು ಹೋಲಿಸಿ ತಿನ್ನಲು ಕೊಟ್ಟರೆ ಅದೂ ಟೇಸ್ಟಿಂಗೇ. ಅದಕ್ಕೆ ಅಬಕಾರಿ ಲೈಸೆನ್ಸ್ ಬೇಡ, ಬಳ್ಳಿ ಕೀಳುವುದೂ ಬೇಡ, ಮಕ್ಕಳನ್ನೂ ಕರೆತರಬಹುದು. ಈ ಹಂಗಾಮಿಗೆ ಒಂದು ಶಾಲೆಯ ಮಕ್ಕಳನ್ನು ಕರೆಸಿ ಶುರುಮಾಡಿ. ಕೊಯ್ಲಿನ ವಾರ ಬಿಟ್ಟು, ಔಷಧ ಹೊಡೆದ ದಿನಗಳನ್ನೂ ಬಿಟ್ಟು ತಾರೀಕು ಕೊಡಿ. ನೆರಳು, ಕುಡಿಯುವ ನೀರು, ಶೌಚಾಲಯ ಈ ಮೂರು ಸಿದ್ಧವಿದ್ದರೆ ಉಳಿದದ್ದನ್ನು ನಿಮ್ಮ ಪಡವೇ ನೋಡಿಕೊಳ್ಳುತ್ತದೆ.